ತಾಳಗುಂದದ ಕಂಬವನ್ನು ಪೂರ್ತಿ ಓದೋಣ

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವನ್ನು ನಾವು ಒಂದೇ ಕಥೆಗಾಗಿ ನೆನೆಯುತ್ತೇವೆ. ಓದಲೆಂದು ಕಂಚಿಗೆ ಹೋದ ಮಯೂರಶರ್ಮನು ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಗಿ, ಅವಮಾನ ತಾಳದೆ ಶಸ್ತ್ರ ಹಿಡಿದು ರಾಜ್ಯ ಕಟ್ಟಿದನು. ಕಥೆ ಸೊಗಸಾದುದೇ. ಆದರೆ ಐದನೆಯ ಶತಮಾನದಲ್ಲಿ ಕವಿ ಕುಬ್ಜನು ಈ ಸಂಸ್ಕೃತ ಕಾವ್ಯವನ್ನು ರಚಿಸಿದ್ದಕ್ಕೆ ಕಾರಣ ಕಾಕುತ್ಸ್ಥವರ್ಮನು ಇಲ್ಲಿ ತೋಡಿಸಿದ ಕೆರೆ. ಅದೂ ಎಲ್ಲಿ? ಸಾತಕರ್ಣಿ ಮೊದಲಾದ ಅರಸರು ಹಿಂದೆಯೇ ಪೂಜಿಸಿದ್ದ ಶಿವಾಲಯದ ಬಳಿ. ಎಂದರೆ ಕದಂಬರು ಬರಿಯ ಕಾಡಿನಲ್ಲಿ ಊರು ಹೂಡಲಿಲ್ಲ. ಹಳೆಯ ನೆಲೆಯ ಮೇಲೆ ನೆಲೆಯೂರಿದರು. ಹಾಗೆಂದು ಮುಚ್ಚಿಡದೆ ಕಲ್ಲಿನಲ್ಲಿ ಬರೆಸಿದರು.

ಅದೇ ತಾಲ್ಲೂಕಿನ ಮಳವಳ್ಳಿಯ ಕಂಬವೂ ಇದನ್ನೇ ಹೇಳುತ್ತದೆ. ಮೇಲೆ ಸಾತಕರ್ಣಿಯ ಪ್ರಾಕೃತ ದಾನಶಾಸನ. ಕೆಳಗೆ, ಕೈಬಿಟ್ಟುಹೋಗಿದ್ದ ದಾನವನ್ನು ಕದಂಬರ ಅರಸನು ಎರಡನೆಯ ಸಲ ಕೊಟ್ಟ ಸಂಗತಿ.

ಸೊರಬದ ಚಂದ್ರಗುತ್ತಿಗೆ ಹೋದಾಗಲೂ ನಾವು ಬೆಟ್ಟದ ಮೇಲಣ ಕೋಟೆ ಯಾರದೆಂದು ಕೇಳುತ್ತೇವೆ. ರೇಣುಕಾಂಬೆಯ ಗುಹೆಗೆ ಜನ ಎಂದಿನಿಂದ ಬರುತ್ತಿರುವರೆಂದು ಕೇಳುವುದಿಲ್ಲ. ಕೋಟೆ ಕಟ್ಟಿದವನನ್ನು ಹೊಗಳುವುದು ಸುಲಭ. ಅವನಿಗಿಂತ ಮೊದಲು ಅಲ್ಲಿ ಬಾಳಿದವರನ್ನು ಗುರುತಿಸುವುದು ಚರಿತ್ರೆ. ತಾಳಗುಂದದ ಶಾಸನವನ್ನು ಪಾಠ ಹೇಳುವವರು ಕೆರೆಯ ಪದ್ಯಗಳವರೆಗೂ ಓದಿಸಬೇಕು.