‘ಶರಣ’ ಎಂಬ ಮಾತು, ನಮ್ಮ ಬಳಕೆ

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆ ‘ಶರಣ’ ಎಂಬ ಮಾತು ಕೇಳದ ದಿನವಿಲ್ಲ. ಎದುರಿಗೆ ಬಂದವರಿಗೆ ‘ಶರಣ್ರೀ’ ಅಂತೀವಿ. ಜಾತ್ರೆಯ ಕರೆಯೋಲೆಯಲ್ಲಿ ವಂತಿಗೆ ಕೊಟ್ಟವರ ಹೆಸರಿನ ಮುಂದೂ ‘ಶರಣ’ ಅಂತ ಹಾಕ್ತೀವಿ. ಭಾಷಣಕ್ಕೆ ನಿಂತವರು ‘ಶರಣ ಚಳುವಳಿ’ ಅನ್ನುತ್ತಾರೆ. ಇಷ್ಟು ಬಳಸುವ ಮಾತಿನ ಅರ್ಥವನ್ನು ಒಮ್ಮೆ ತೂಗಿ ನೋಡಬೇಕು.

ಸಂಸ್ಕೃತದಲ್ಲಿ ‘ಶರಣ’ ಎಂದರೆ ಆಸರೆ. ಕನ್ನಡದಲ್ಲಿ ಅದು ಆಸರೆ ಹೊಂದಿದ ಮನುಷ್ಯನ ಹೆಸರೇ ಆಯಿತು. ಶಿವನಿಗೆ ತನ್ನನ್ನು ಒಪ್ಪಿಸಿಕೊಂಡವನು ಶರಣ, ಹೆಣ್ಣಾದರೆ ಶರಣೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲದಲ್ಲಿ ಶರಣ ಐದನೆಯ ಮೆಟ್ಟಿಲು. ಹಾಗೇ 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ಕೂಡಿದವರೆಲ್ಲರಿಗೂ ಅದೇ ಹೆಸರು. ಒಂದು ಸಾಧನೆಯ ಹಂತ, ಇನ್ನೊಂದು ಬಳಗ. ಎರಡನ್ನೂ ಕಲಸಬಾರದು.

ನಮ್ಮ ಹುಡುಗರ ತೊಡಕು ಬೇರೆ. ಮರಾಠಿಯಲ್ಲಿ ‘ಶರಣ ಯೇಣೆ’ ಎಂದರೆ ಸೋತು ಬರುವುದು. ಕನ್ನಡ ಪತ್ರಿಕೆ ತೆರೆದರೂ ‘ಪೊಲೀಸರಿಗೆ ಶರಣು’, ‘ನೇಣಿಗೆ ಶರಣು’. ಹಿಂಗಾದರೆ ಶರಣರು ಅಂದ್ರೆ ಸೋತವರು ಅಂತ ಅವರು ತಿಳಿಯೋದು ಸಹಜ. ಆದರೆ ಶರಣರು ದೇವರೊಬ್ಬನಿಗೆ ಬಾಗಿದ್ದರಿಂದಲೇ ಜಾತಿಗೂ ಸಿರಿಗೂ ಬಾಗಲಿಲ್ಲ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಡೋಹರ ಕಕ್ಕಯ್ಯ ತಮ್ಮ ಕಸುಬನ್ನು ಹೆಸರಲ್ಲೇ ಇಟ್ಟುಕೊಂಡರು. ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಆಯ್ದಕ್ಕಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದ ಕಥೆ ನಮಗೆಲ್ಲ ಗೊತ್ತು. ವಂತಿಗೆಯ ದೊಡ್ಡ ಮೊತ್ತ ನೋಡಿ ‘ಶರಣ’ ಅಂತ ಬರೆಯುವಾಗ ಈ ಹೆಣ್ಣುಮಗಳ ನೆನಪಾಗಬೇಡವೆ?

ಇನ್ನು ‘ಚಳುವಳಿ’ ನಮ್ಮ ಕಾಲದ ಮಾತು. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನ ಶಾಸ್ತ್ರ ಸಾರ’ ಅಚ್ಚು ಹಾಕಿಸಿದ ಮೇಲೆ ವಚನಗಳು ಮಂದಿಯ ಕೈಗೆ ಬಂದವು, ಹೊಸ ಕಾಲದವರು ಹೊಸ ಹೆಸರಿಟ್ಟರು. ಆ ಹೆಸರು ತಪ್ಪೇನಲ್ಲ. ಮಂದಿ ಒಟ್ಟಾಗಿ ಎದ್ದು ನಿಂತದ್ದನ್ನು ಅದು ಹೇಳುತ್ತದೆ, ಒಳಗಿನ ಸಾಧನೆಯನ್ನು ಹೇಳುವುದಿಲ್ಲ. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದವನು. ಅಲ್ಲಮಪ್ರಭು ಬಂದು, ಕೆರೆ ಗುಡಿಗಳಲ್ಲೇ ನಿಲ್ಲಬೇಡ ಎಂದು ಅವನನ್ನು ಎಚ್ಚರಿಸಿದ ಪ್ರಸಂಗ ‘ಶೂನ್ಯಸಂಪಾದನೆ’ಯಲ್ಲಿದೆ. ಊರಿಗಾಗಿ ದುಡಿಮೆ, ಒಳಗೆ ಅರಿವು, ಎರಡೂ ಆ ಮಾತಿನಲ್ಲಿವೆ.

‘ಶರಣ್ರೀ’ ಅನ್ನುವ ನಮಸ್ಕಾರ ಇರಲಿ, ಅದರಲ್ಲಿ ವಿನಯವಿದೆ. ವಂತಿಗೆ ಕೊಟ್ಟವರನ್ನು ದಾನಿಗಳು ಎಂದೇ ಬರೆಯೋಣ. ಮಾಸ್ತರರು ವಚನದ ಪಾಠ ಹೇಳುವಾಗ ಮರಾಠಿಯ ಅರ್ಥ, ಪತ್ರಿಕೆಯ ಅರ್ಥ, ವಚನದ ಅರ್ಥ ಮೂರನ್ನೂ ಹಲಗೆಯ ಮೇಲೆ ಬೇರೆ ಬೇರೆ ಬರೆದು ತೋರಿಸಲಿ.