ಹಸಿರು ಸಾಮಾನು ಮತ್ತು ಕುಕ್ಕರಿನ ರಬ್ಬರು

ಪರಿಸರವೂ ಉಳಿಯಬೇಕು, ಕಿಸೆಯೂ ಉಳಿಯಬೇಕು ಅನ್ನುವವರಿಗೆ ಈಗ ಎಲ್ಲ ಕಡೆಯಿಂದ ಸಿಗುವ ಸಲಹೆ ಒಂದೇ: ಇಂಥಿಂಥದನ್ನು ಕೊಂಡುಕೊಳ್ಳಿ. ಬಿದಿರಿನ ಬ್ರಷ್ಷು, ತಾಮ್ರದ ಬಾಟಲಿ, ಸ್ಟೀಲಿನ ಸ್ಟ್ರಾ, ಹತ್ತಿಯ ಚೀಲ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಮಾತ್ರ ಕಾಣುತ್ತಿದ್ದ ಇವು ಈಗ ಬ್ಯಾಡಗಿ, ರಾಣೆಬೆನ್ನೂರಿನ ಮನೆ ಬಾಗಿಲಿಗೂ ರಟ್ಟಿನ ಪೆಟ್ಟಿಗೆಯಲ್ಲಿ ಬಂದಿಳಿಯುತ್ತಿವೆ. ಈ ಸಲಹೆಯ ಬುಡವೇ ಸರಿಯಿಲ್ಲ. ಒಂದು ಸಾಮಾನು ಎಷ್ಟು ವರ್ಷ ಬಾಳುತ್ತದೆ, ಎಷ್ಟು ಉರುವಲು ತಿನ್ನುತ್ತದೆ, ಕೆಟ್ಟರೆ ಊರಲ್ಲೇ ಯಾರು ರಿಪೇರಿ ಮಾಡಿಕೊಡುತ್ತಾರೆ, ಅದರಿಂದ ಯಾರ ರಟ್ಟೆ ಸೋಲುತ್ತದೆ ಅನ್ನುವುದನ್ನು ಕೇಳದೆ ಉಳಿತಾಯದ ಲೆಕ್ಕ ಹಾಕಲು ಬರುವುದಿಲ್ಲ. ಹಸಿರು ಎಲೆಯ ಚಿತ್ರ ಅಂಟಿಸಿದ ಸಾಮಾನುಗಳು ಇವುಗಳಲ್ಲಿ ಒಂದಕ್ಕೂ ಉತ್ತರ ಹೇಳುವುದಿಲ್ಲ.

ಬಟ್ಟೆ ಚೀಲವನ್ನೇ ನೋಡೋಣ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಬಗೆಬಗೆಯ ಕೈಚೀಲಗಳ ಹುಟ್ಟಿನಿಂದ ಕೊನೆಯವರೆಗಿನ ಹಾನಿಯನ್ನು ಲೆಕ್ಕ ಹಾಕಿತು. ಹವಾಮಾನದ ಮೇಲಿನ ಹಾನಿ ಒಂದನ್ನೇ ಹಿಡಿದರೆ ಹೊಸ ಹತ್ತಿ ಚೀಲವೊಂದು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಲು 52 ಸಲ ಬಳಕೆಯಾಗಬೇಕು. ನೀರು, ಓಝೋನ್ ಪದರ ಮುಂತಾದ ಎಲ್ಲ ಬಗೆಯ ಹಾನಿ ಸೇರಿಸಿದರೆ 7,100 ಸಲ. ಆ ಅಧ್ಯಯನ ಬೀದಿಯಲ್ಲಿ ಬಿದ್ದ ಕಸವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಗಟಾರ ಕಟ್ಟಿ, ದನದ ಹೊಟ್ಟೆ ಸೇರುವ ಪ್ಲಾಸ್ಟಿಕ್ಕು ನಮ್ಮಲ್ಲಿ ದೊಡ್ಡ ಪೀಡೆಯೇ. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದ್ದು ನ್ಯಾಯವಾಗಿಯೇ ಇತ್ತು. ಆದರೂ ಹತ್ತಿ ಬೆಳೆಯುವ ನಮ್ಮ ಬ್ಯಾಡಗಿ ಸೀಮೆಯವರಿಗೆ ಆ ಅಂಕಿ ಆಶ್ಚರ್ಯ ತರಬಾರದು. ಹತ್ತಿಗೆ ಎಷ್ಟು ನೀರು, ಎಷ್ಟು ಗೊಬ್ಬರ, ಎಷ್ಟು ಔಷಧ ಬೇಕೆಂದು ನಮ್ಮ ರೈತರಿಗಿಂತ ಚೆನ್ನಾಗಿ ಯಾರು ಬಲ್ಲರು?

ಹೀಗಿರುವಾಗ ನಾವು ಮಾಡುತ್ತಿರುವುದೇನು? ಮದುವೆಗೆ ಹೋದವರ ಕೈಗೆಲ್ಲ ವಧುವರರ ಹೆಸರು ಅಚ್ಚು ಹಾಕಿಸಿದ ತಾಂಬೂಲದ ಚೀಲ. ತೆಂಗಿನಕಾಯಿ ತೆಗೆದ ಮೇಲೆ ಅದು ಅಡುಗೆಮನೆಯ ಮೊಳೆಗೆ ಹೋಗುತ್ತದೆ. ಲಗ್ನದ ಹಂಗಾಮು ಮುಗಿಯುವಷ್ಟರಲ್ಲಿ ಆ ಮೊಳೆಯಲ್ಲಿ ಒಂದು ಗಂಟೇ ಜೋತಾಡುತ್ತಿರುತ್ತದೆ. ಸೀರೆ ಅಂಗಡಿಯವರು ಕೊಡುವ ಬಣ್ಣದ ಚೀಲವಂತೂ ಬಟ್ಟೆಯೇ ಅಲ್ಲ. ಮುಟ್ಟಿದರೆ ಬಟ್ಟೆಯಂತಿರುವ, ನೇಯದೆ ಒತ್ತಿ ಮಾಡಿದ ಪಾಲಿಪ್ರೊಪಿಲೀನ್ ಅದು, ಅಂದರೆ ಅಪ್ಪಟ ಪ್ಲಾಸ್ಟಿಕ್ಕು. ಇದಕ್ಕಿಂತ ಖಾಲಿ ಯೂರಿಯಾ ಚೀಲವನ್ನು ತೊಳೆದು, ಕತ್ತರಿಸಿ, ಹಿಡಿಕೆ ಹಚ್ಚಿ ಹೊಲಿದ ಸಂತೆಚೀಲ ಎಷ್ಟೋ ಮೇಲು. ಅದೂ ಪ್ಲಾಸ್ಟಿಕ್ಕೇ, ಬಿಸಿಲಲ್ಲಿ ಬಿಟ್ಟರೆ ಪುಡಿಪುಡಿಯಾಗುತ್ತದೆ. ಆದರೆ ಅದಕ್ಕಾಗಿ ಹೊಸದಾಗಿ ಏನನ್ನೂ ಬೆಳೆಯಲಿಲ್ಲ, ಏನನ್ನೂ ತಯಾರಿಸಲಿಲ್ಲ. ಬಡವರ ಕೈಯಲ್ಲಿ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಅದನ್ನು ಯಾರೂ ಪರಿಸರಸ್ನೇಹಿ ಅನ್ನುವುದಿಲ್ಲ. ಈ ಅಸಡ್ಡೆ ನನಗೆ ನೋವು ಕೊಡುತ್ತದೆ.

ನನ್ನನ್ನು ಕೇಳಿದರೆ, ಈ ಐವತ್ತು ವರ್ಷಗಳಲ್ಲಿ ನಮ್ಮ ಮನೆಗಳಿಗೆ ಬಂದ ಅತ್ಯಂತ ಹಸಿರಾದ ಸಾಮಾನು ಪ್ರೆಶರ್ ಕುಕ್ಕರು. ಮುಚ್ಚಳ ಬಿಗಿದಾಗ ಒಳಗಿನ ಒತ್ತಡ ಏರಿ ನೀರು 100 ಡಿಗ್ರಿಯ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ; ಬೇಳೆ ಅಷ್ಟು ಬೇಗ ಬೇಯುತ್ತದೆ. ತೆರೆದ ಪಾತ್ರೆಗೆ ಹೋಲಿಸಿದರೆ ಅನ್ನಕ್ಕೆ ಶೇ 20ರಷ್ಟು, ನೆನೆಸಿದ ಕಡಲೆಬೇಳೆಗೆ ಶೇ 46ರಷ್ಟು ಇಂಧನ ಉಳಿಯುತ್ತದೆ ಎಂದು ಕೇಂದ್ರ ಸರ್ಕಾರದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಬಹುಕಾಲದಿಂದ ಹೇಳುತ್ತಾ ಬಂದಿದೆ. 14.2 ಕಿಲೋ ಗ್ಯಾಸಿನ ಸಿಲಿಂಡರು ಹೆಚ್ಚು ದಿನ ಬರುತ್ತದೆ, ಒಲೆಯ ಮುಂದೆ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ. ಕುಕ್ಕರಿನ ಇನ್ನೊಂದು ಗುಣ ಇದಕ್ಕೂ ದೊಡ್ಡದು. ರಬ್ಬರು ಸಡಿಲಾದರೆ, ಸೀಟಿ ಕೆಟ್ಟರೆ, ವಾಲ್ವು ಹೋದರೆ, ಹಿಡಿಕೆ ಮುರಿದರೆ ಬ್ಯಾಡಗಿಯ ಪಾತ್ರೆ ಅಂಗಡಿಯಲ್ಲಿ ಬಿಡಿಭಾಗ ಸಿಗುತ್ತದೆ. ಹೀಗೆ ಒಂದೊಂದೇ ಭಾಗ ಬದಲಾಗುತ್ತಾ ಮದುವೆಯಲ್ಲಿ ಬಂದ ಕುಕ್ಕರು ಮಕ್ಕಳ ಮದುವೆಯವರೆಗೂ ಬರುತ್ತದೆ.

ರಿಪೇರಿಯ ಮಾತಿಗೆ ಇಷ್ಟು ಒತ್ತು ಕೊಡುವುದಕ್ಕೆ ಅಸ್ತ್ರ ಒಲೆಯ ಕಥೆ ಕಾರಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರ ಹಳ್ಳಿಯ ಅಡುಗೆಮನೆಯನ್ನು ಕಣ್ಣಮುಂದೆ ಇಟ್ಟುಕೊಂಡು, ಹೊಗೆ ಕೊಳವೆಯ ಮೂಲಕ ಹೊರಹೋಗುವ, ಕಟ್ಟಿಗೆ ತೀರ ಕಡಿಮೆ ತಿನ್ನುವ ಒಲೆಯನ್ನು ರೂಪಿಸಿತು. ಕರ್ನಾಟಕದ ಹಳ್ಳಿಹಳ್ಳಿಗೆ ಅದು ಹೋಯಿತು. ಅದರ ಹಿಂದಿನ ವಿಜ್ಞಾನಕ್ಕೆ ಕೈಮುಗಿಯಬೇಕು. ಆದರೆ ಒಳಗಿನ ಅಳತೆ ಬೆರಳಗಲ ಹೆಚ್ಚುಕಡಿಮೆಯಾದರೂ ಗುಣ ಹೋಗುತ್ತಿತ್ತು, ಕಟ್ಟಿಗೆಯನ್ನು ಸಣ್ಣ ತುಂಡು ಮಾಡಿಯೇ ಹಾಕಬೇಕಿತ್ತು, ಕೊಳವೆಯ ಮಸಿ ತೆಗೆಯಬೇಕಿತ್ತು. ಕಟ್ಟಿಕೊಟ್ಟವನು ಹೋದ ಮೇಲೆ ಸರಿಪಡಿಸುವವರು ಊರಲ್ಲಿ ಇಲ್ಲದಿದ್ದರೆ ಆ ಒಲೆ ಬಾಳುವುದು ಕಷ್ಟ. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೇಂದ್ರ 2002ರಲ್ಲಿ ಕೈಬಿಟ್ಟಿತು. ಕುಕ್ಕರಿನ ರಬ್ಬರು ಸಿಕ್ಕಷ್ಟು ಸುಲಭವಾಗಿ ಆ ಒಲೆ ಕಟ್ಟುವ ಗೌಂಡಿ ಸಿಕ್ಕಿದ್ದರೆ ಅದರ ಗತಿ ಬೇರೆಯಾಗುತ್ತಿತ್ತು ಎಂದೇ ನನ್ನ ಎಣಿಕೆ.

ಕೊಳ್ಳುವವರ ಒಳ್ಳೆಯತನದಿಂದ ಲೋಕ ಬದಲಾಗುತ್ತದೆ ಎಂಬ ಮಾತೂ ಪೂರ್ತಿ ನಿಜವಲ್ಲ. 60 ವಾಟಿನ ಹಳೆಯ ಬಲ್ಬು ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ 9 ಯೂನಿಟ್. ಅದೇ ಬೆಳಕಿನ 9 ವಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಬೇಕಿಲ್ಲ. ಈ ಬಲ್ಬು ಬಡವರ ಮನೆಗೆ ಬಂದದ್ದು ಕೇಂದ್ರ ಸರ್ಕಾರ ಸಗಟಾಗಿ ಕೊಂಡಿದ್ದರಿಂದ: 2014ರಲ್ಲಿ 310 ರೂಪಾಯಿ ಇದ್ದ ಖರೀದಿ ದರ 2016ಕ್ಕೆ 38 ರೂಪಾಯಿಗೆ ಇಳಿಯಿತು. ಈಗ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಕರೆಂಟು ಬಿಲ್ಲು ಸೊನ್ನೆ ಬರುವ ಮನೆಗೆ ಕರೆಂಟು ಕಡಿಮೆ ತಿನ್ನುವ 30 ವಾಟಿನ ಫ್ಯಾನು ಕೊಳ್ಳಿ, ದುಡ್ಡು ಉಳಿಯುತ್ತದೆ ಎಂದರೆ ಅದು ಸುಳ್ಳಾಗುತ್ತದೆ. ಎಲ್‌ಇಡಿಗೆ ಕೇಂದ್ರ ಮಾಡಿದ್ದನ್ನು ಫ್ಯಾನಿಗೆ ರಾಜ್ಯ ಸರ್ಕಾರವೇ ಮಾಡಬೇಕು; 75 ವಾಟಿನ ಹಳೆಯ ಫ್ಯಾನು ತಿರುಗಿಸುವ ಖರ್ಚು ಹೇಗೂ ಅದರ ತಲೆಯ ಮೇಲೆಯೇ ಇದೆ.

ಇನ್ನು ಬ್ಯಾಡಗಿಯದೇ ಮಾತು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೆಣಸಿನಕಾಯಿಯ ಊರಿದು. ಸೋಮವಾರ, ಗುರುವಾರದ ಮಾರುಕಟ್ಟೆಗೆ ಹಂಗಾಮಿನಲ್ಲಿ ಚೀಲಗಟ್ಟಲೆ ಡಬ್ಬಿ, ಕಡ್ಡಿ ಜಾತಿಯ ಕಾಯಿ ಬಂದು ಬೀಳುತ್ತದೆ. ಇಂಥ ಊರಿನ ಕಿರಾಣಿ ಅಂಗಡಿಯಲ್ಲೂ ಖಾರದ ಪುಡಿಯ ಚಿಕ್ಕ ಪಾಕೀಟುಗಳ ಸರ ತೂಗುತ್ತಿದೆ. ಪದರ ಪದರದ ಆ ಪಾಕೀಟನ್ನು ಗುಜರಿಯವರೂ ಮುಟ್ಟುವುದಿಲ್ಲ. ವರ್ಷಕ್ಕೆ ಬೇಕಾದಷ್ಟು ಕಾಯಿ ತಂದು, ಒಣಗಿಸಿ, ಬೆಳಕು ಬೀಳದ ಡಬ್ಬಿಯಲ್ಲಿಟ್ಟು, ಬೇಕಾದಾಗ ಗಿರಣಿಯಲ್ಲಿ ಬೀಸಿಸಿದರೆ ಬಣ್ಣವೂ ಉಳಿಯುತ್ತದೆ; ಇಡೀ ಕಾಯಿಗಿಂತ ಪುಡಿಯ ಬಣ್ಣ ಬೇಗ ಮಾಸುತ್ತದೆ. ಆದರೆ ವರ್ಷದ ಕಾಯಿಗೆ ಒಮ್ಮೆಲೇ ದುಡ್ಡು ಬೇಕು. ದಿನಗೂಲಿಯ ಮನೆ ಪಾಕೀಟು ಕೊಳ್ಳುವುದು ತಿಳಿಯದೆ ಅಲ್ಲ, ಕೈಯಲ್ಲಿ ಅಷ್ಟು ಗಂಟು ಇಲ್ಲದೆ. ಸ್ವಸಹಾಯ ಸಂಘದ ಸಾಲ ಹಂಗಾಮಿನ ಹೊತ್ತಿಗೆ ಈ ಖರೀದಿಗೂ ಸಿಗುವಂತಾದರೆ ಯಾವ ಹಸಿರು ಬಾಟಲಿಯೂ ತಾರದ ಉಳಿತಾಯ ಆಗುತ್ತದೆ.

ಹಿಂದಿನದನ್ನೆಲ್ಲ ಹೊಗಳುವವರ ಗುಂಪಿಗೂ ನಾನು ಸೇರುವವನಲ್ಲ. ಅಜ್ಜಿಯ ಮನೆಯಲ್ಲಿ ಏನೂ ಹಾಳಾಗುತ್ತಿರಲಿಲ್ಲ ಎಂಬುದು ನಿಜ. ಹಾಳಾಗದಂತೆ ನೋಡಿಕೊಳ್ಳಲು ಅಜ್ಜಿ ನಸುಕಿನಿಂದ ರಾತ್ರಿಯವರೆಗೆ ದುಡಿಯುತ್ತಿದ್ದಳು, ಹೊಗೆಯಲ್ಲಿ ಕೆಮ್ಮುತ್ತಿದ್ದಳು ಎಂಬುದೂ ಅಷ್ಟೇ ನಿಜ. ಹಳೆ ಸೀರೆಗಳನ್ನು ಪದರ ಹಾಕಿ, ಸಾಲು ಸಾಲಾಗಿ ಪೋಣಿಸಿ ಹೊಲಿಯುವ ಕೌದಿಗೆ ಈಗ ಪೇಟೆಯಲ್ಲಿ ಕಲೆ ಎಂಬ ಗೌರವ ಬಂದಿದೆ. ನಮ್ಮೂರುಗಳಲ್ಲಿ ಮಾತ್ರ ಹೊಲಿಯುವ ಹೆಣ್ಣುಮಕ್ಕಳ ಜೊತೆ ಕೂಲಿಗಾಗಿ ಇನ್ನೂ ಚೌಕಾಸಿ ನಡೆಯುತ್ತದೆ, ಪೇಟೆಯ ಅಗ್ಗದ ರಗ್ಗಿನ ಬೆಲೆ ಹೇಳಿ ಬಾಯಿ ಮುಚ್ಚಿಸಲಾಗುತ್ತದೆ. ಆ ರಗ್ಗು ಕೆಲವು ಒಗೆತಕ್ಕೆ ಜುಂಗು ಕಿತ್ತು ತಿಪ್ಪೆ ಸೇರುತ್ತದೆ. ಕೌದಿಯನ್ನು ವರ್ಷಗಟ್ಟಲೆ ಹೊದೆಯುತ್ತೇವೆ, ಹರಿದರೆ ಮೇಲೊಂದು ಸೀರೆ ಹಾಕಿಸಿ ಮತ್ತೆ ಹೊಲಿಸುತ್ತೇವೆ. ಅಷ್ಟು ವರ್ಷಗಳ ಬಾಳಿಕೆಯನ್ನು ಲೆಕ್ಕಕ್ಕೆ ಹಿಡಿದೇ ಹೊಲಿದವಳ ಕೂಲಿ ಕೊಡಬೇಕು.