ರ‍್ಯಾಂಕಿನ ಲೆಕ್ಕಕ್ಕೆ ಸಿಗದ ಓದು

ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125. ಉಳಿದವಕ್ಕೆಲ್ಲ ತಲಾ 100. ಎರಡು ವರ್ಷ ಕಳೆದರೆ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಭಾಷೆಯ ಪಾಲು ಸೊನ್ನೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಯು ಅಂಕಗಳು ಅರ್ಧ, ಸಿಇಟಿಯ 180 ಪ್ರಶ್ನೆಗಳು ಇನ್ನರ್ಧ. ಈ ಲೆಕ್ಕ ಬಲ್ಲ ಮನೆಗಳಲ್ಲಿ ಹೈಸ್ಕೂಲಿನಲ್ಲೇ ಭಾಷೆಯ ಪುಸ್ತಕ ಬದಿಗೆ ಸರಿಯುತ್ತದೆ. ಓದುವುದೆಂದರೆ ನಾಲ್ಕು ಆಯ್ಕೆಗಳಲ್ಲಿ ಮೂರನ್ನು ತಳ್ಳಿಹಾಕುವುದು ಎಂದಾಗುತ್ತದೆ. ಸೀಟು ಕೈತಪ್ಪೀತೆಂಬ ಪಾಲಕರ ಭಯ ಸುಳ್ಳಲ್ಲ. ಆದರೆ ಈ ತಯಾರಿ ಎಂಜಿನಿಯರಿಂಗಿಗೋ, ಪರೀಕ್ಷೆಗೋ?

ಬೆಳಗಾವಿಯ ಅನಗೋಳದಲ್ಲಿ ನಿಂತು ಈ ಪ್ರಶ್ನೆ ಕೇಳಬೇಕು. ಪಕ್ಕದ ಉದ್ಯಮಬಾಗದಲ್ಲಿ 1979ರಿಂದ ಗೋಗಟೆ ಎಂಜಿನಿಯರಿಂಗ್ ಕಾಲೇಜಿದೆ, ಸುತ್ತ ಫೌಂಡ್ರಿಗಳಿವೆ. ಅಲ್ಲಿ ಎರಕದ ಪ್ಯಾಟರ್ನನ್ನು ಬೇಕಾದ ಅಳತೆಗಿಂತ ತುಸು ದೊಡ್ಡದಾಗಿ ಮಾಡುತ್ತಾರೆ, ಕರಗಿದ ಲೋಹ ಆರುವಾಗ ಕುಗ್ಗುತ್ತದಲ್ಲ, ಅದಕ್ಕೆ. ಉಷ್ಣ ವಿಸ್ತರಣೆಯ ಸೂತ್ರ ಬಾಯಿಪಾಠವಾದ ಮಾತ್ರಕ್ಕೆ ಈ ‘ತುಸು’ ಕಣ್ಣಿಗೆ ಬೀಳುವುದಿಲ್ಲ. ಕಂಡದ್ದನ್ನು ಹೇಳಲು ವಾಕ್ಯ ಬೇಕು. ‘ಆದ್ದರಿಂದ’, ‘ಆದರೂ’, ‘ಇಲ್ಲದಿದ್ದರೆ’ಗಳ ಮೇಲೆ ಹಿಡಿತ ಬೇಕು. ಅದು ಕತೆ ಓದುವ, ಪ್ರಬಂಧ ಬರೆಯುವ ತರಗತಿಯಲ್ಲಿ ಬರುವಂಥದ್ದು. ಆ ಭಾಷೆ ಕನ್ನಡವಿರಲಿ, ಅನಗೋಳದ ಹಲವರಿಗಿರುವಂತೆ ಮರಾಠಿಯಿರಲಿ.

ಹಾಗೆಂದು ಸಿಇಟಿಯನ್ನಷ್ಟೇ ದೂರುವಂತಿಲ್ಲ. ಗೈಡಿನ ಉತ್ತರ ಬರೆಸಿ 125 ಅಂಕ ಕೊಡಿಸುವ ಭಾಷಾ ತರಗತಿಯೂ ಸಿಇಟಿಯ ತಮ್ಮನೇ. ಒಂಬತ್ತನೇ ತರಗತಿಯ ಮಕ್ಕಳು ಒಂದು ಫೌಂಡ್ರಿ ನೋಡಿ ಬಂದು ಒಂದು ಪುಟ ಬರೆಯಲಿ. ಅದನ್ನು ವಿಜ್ಞಾನದ ಮಾಸ್ತರರೂ ಭಾಷೆಯ ಮಾಸ್ತರರೂ ಕೂತು ತಿದ್ದಲಿ. ತಯಾರಿ ಅಲ್ಲಿಂದ ಶುರುವಾಗಬೇಕು.